ಚಿಕ್ಕಪ್ಪ ದಿವಾಳಿ ಅರ್ಜಿ ಹಾಕಿದ ವರ್ಷ

ನಮ್ಮ ಕಡೆ ಸಾಲದ ಮಾತನ್ನು ಯಾರೂ ಜಗಲಿಯಲ್ಲಿ ಕೂತು ಆಡುವುದಿಲ್ಲ. ಅದಕ್ಕೆ ಬಚ್ಚಲೊಲೆಯ ಮುಂದಿನ ಜಾಗವೇ ಆಗಬೇಕು. ಮಳೆ ಹಿಡಿದಿರಬೇಕು, ಹಂಡೆಯಲ್ಲಿ ನೀರು ಕಾಯುತ್ತಿರಬೇಕು, ಹೊರಗಿನವರು ಯಾರೂ ಇಲ್ಲವೆಂದು ಖಾತ್ರಿಯಾಗಿರಬೇಕು. ನರಸಿಂಹರಾಜಪುರದ ಹತ್ತಿರದ ನಮ್ಮ ಮನೆಯಲ್ಲಿ ಚಿಕ್ಕಪ್ಪ ದಿವಾಳಿ ಅರ್ಜಿ ಹಾಕುವ ತೀರ್ಮಾನಕ್ಕೆ ಬಂದದ್ದೂ ಆ ಒಲೆಯ ಮುಂದೆಯೇ, 2006ರ ಆಷಾಢದಲ್ಲಿ. ನಾನಾಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಅವನ ಜೊತೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಹೆದರಿಕೆ ಒಬ್ಬ ಗಟ್ಟಿ ಮನುಷ್ಯನನ್ನು ಏನು ಮಾಡಿಬಿಡುತ್ತದೆ, ಆಮೇಲೆ ಅದು ಹೇಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನಾನು ಮತ್ತೆಂದೂ ನೋಡಿಲ್ಲ.

ಮೊದಲು ವೆನಿಲಾ ಕಥೆ ಹೇಳಬೇಕು. ಈಗಿನ ಮಕ್ಕಳಿಗೆ ಅದು ಐಸ್‌ಕ್ರೀಮಿನ ಹೆಸರು. ನಮಗೆ ಅದೊಂದು ಬಳ್ಳಿ. 2000ನೇ ಇಸವಿಯಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರ್ ದ್ವೀಪಕ್ಕೆ ಬಡಿದು ಅಲ್ಲಿಯ ವೆನಿಲಾ ತೋಟಗಳನ್ನು ಹಾಳುಮಾಡಿತು. ಲೋಕಕ್ಕೆಲ್ಲ ವೆನಿಲಾ ಹೋಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿಂದಲೇ. ಬೆಲೆ ಏರುತ್ತಾ ಏರುತ್ತಾ 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಹಳದಿ ಎಲೆ ರೋಗದಿಂದ ಅಡಿಕೆ ತೋಟ ಸೊರಗುವುದನ್ನು ನೋಡಿ ನೋಡಿ ಕಂಗೆಟ್ಟಿದ್ದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನಕ್ಕೆ ಆ ಬೆಲೆ ಕೇಳಿ ನಿದ್ದೆ ಹಾರಿಹೋಯಿತು. ಬಳ್ಳಿಯನ್ನು ಮೀಟರಿನ ಲೆಕ್ಕದಲ್ಲಿ ಅಳೆದು ಮಾರುತ್ತಿದ್ದರು. ರಾತ್ರಿ ತೋಟಕ್ಕೆ ಟಾರ್ಚು, ನಾಯಿ, ಕೋವಿಯ ಕಾವಲು.

ಹಾಗಂತ ಅದು ಸೋಮಾರಿಗಳ ಬೆಳೆಯಲ್ಲ. ವೆನಿಲಾ ಹೂವು ಅರಳಿರುವುದು ಒಂದೇ ದಿನ, ಅದೂ ಮಧ್ಯಾಹ್ನದೊಳಗೆ ಬಾಡಲು ಶುರು. ಮೆಕ್ಸಿಕೋದಿಂದ ಬಂದ ಗಿಡ, ನಮ್ಮ ಜೇನುಹುಳಗಳಿಗೆ ಅದರ ಪರಿಚಯವಿಲ್ಲ. ಮನುಷ್ಯನೇ ಬೆಳಿಗ್ಗೆ ಎದ್ದು, ಕಡ್ಡಿ ಹಿಡಿದು, ಒಂದೊಂದು ಹೂವಿನ ಒಳಗಿನ ಪರದೆ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಅಲ್ಲಿಂದ ಒಂಬತ್ತು ತಿಂಗಳು ಕಾದರೆ ಕೋಡು ಕೊಯ್ಲಿಗೆ ಬರುತ್ತದೆ. ಚಿಕ್ಕಪ್ಪನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಯಾವ ಸಾಲಿನಲ್ಲಿ ಎಷ್ಟು ಹೂವು ಕಟ್ಟಿತು, ಯಾರಿಗೆ ಎಷ್ಟು ಕೂಲಿ, ಬಳ್ಳಿಗೆ ಎಷ್ಟು, ಸಗಣಿ ಗೊಬ್ಬರಕ್ಕೆ ಎಷ್ಟು, ಎಲ್ಲ ಪೆನ್ಸಿಲಿನಲ್ಲಿ. ಮಳೆಯ ಕೈಯಲ್ಲಿ ಪೆನ್ನು ಹಿಡಿದರೆ ಶಾಯಿ ಹರಡುತ್ತದೆ ಎಂದು ಅವನು ಪೆನ್ಸಿಲನ್ನೇ ಬಳಸುತ್ತಿದ್ದ. ಆ ಪುಸ್ತಕವನ್ನು ನೆನಪಿಟ್ಟುಕೊಳ್ಳಿ.

2003ರ ಕೊಯ್ಲು ಸಣ್ಣದು, ಆದರೆ ದುಡ್ಡು ಕಣ್ಣು ಕುಕ್ಕುವಷ್ಟು ಬಂತು. ಅದನ್ನು ನೆಚ್ಚಿಕೊಂಡು ಚಿಕ್ಕಪ್ಪ ಹಳದಿ ರೋಗದ ಅಡಿಕೆ ಮರಗಳ ಸಾಲಿಗೆಲ್ಲ ಬಳ್ಳಿ ಹಬ್ಬಿಸಿದ. ತೋಟದ ಮೇಲೆ ಸೊಸೈಟಿ ಸಾಲ, ಸಾಲದ್ದಕ್ಕೆ ಕೈಸಾಲ. ಮರುವರ್ಷವೇ ಬೆಲೆ ಕುಸಿಯಿತು. ಕೆಲವೇ ವರ್ಷದಲ್ಲಿ ಕಿಲೋಗೆ ನೂರು ರೂಪಾಯಿ ಕೇಳುವವರೂ ಅಪರೂಪವಾದರು. ಮಡಗಾಸ್ಕರಿನ ತೋಟಗಳು ಮತ್ತೆ ಚಿಗುರಿದ್ದವು, ಕೊಳ್ಳುವ ದೇಶಗಳು ಅಷ್ಟರಲ್ಲಿ ಕೃತಕ ವೆನಿಲಾಕ್ಕೆ ಒಗ್ಗಿಹೋಗಿದ್ದವು. ನಮ್ಮ ಹೊಸ ಬಳ್ಳಿ ಹೂವು ಬಿಟ್ಟ ಹೊತ್ತಿಗೆ ಅದನ್ನು ಕಟ್ಟುವ ಕೂಲಿಯೂ ಹುಟ್ಟುವಂತಿರಲಿಲ್ಲ. ಸಾಲ ಬಡ್ಡಿ ಸೇರಿ ಒಂಬತ್ತು ಲಕ್ಷದ ಹತ್ತಿರ ಬಂದಿತ್ತು.

ಆಮೇಲಿನ ದಿನಗಳನ್ನು ಚಿಕ್ಕಮ್ಮ ಈಗಲೂ ನೆನೆಸಿಕೊಳ್ಳಲು ಒಪ್ಪುವುದಿಲ್ಲ. ದಣಪೆಯ ಆಚೆ ಬೈಕಿನ ಸದ್ದಾದರೆ ಚಿಕ್ಕಪ್ಪ ಹಿತ್ತಿಲ ಬಾಗಿಲಿಂದ ತೋಟಕ್ಕೆ ಇಳಿಯುತ್ತಿದ್ದ. ಫೋನು ಹೊಡೆದುಕೊಂಡರೆ ಯಾರೂ ಎತ್ತಬಾರದು. ಮದುವೆ ಮನೆಗೆ ಹೋಗುವುದು ನಿಂತಿತು, ಪೇಟೆಗೆ ಹೋಗುವುದು ನಿಂತಿತು, ಕೊನೆಗೆ ಊಟವೂ ಅರ್ಧಕ್ಕೆ ನಿಲ್ಲತೊಡಗಿತು. ರಾತ್ರಿ ಎರಡು ಗಂಟೆಗೆ ಎದ್ದು ಕೊಟ್ಟಿಗೆಯಲ್ಲಿ ಕೂರುತ್ತಿದ್ದ. ಜೈಲಿಗೆ ಹಾಕುತ್ತಾರೆ, ಮನೆ ಹರಾಜಾಗುತ್ತದೆ, ಪೇಪರಿನಲ್ಲಿ ಹೆಸರು ಬರುತ್ತದೆ, ಅಮೀನ ಬಂದು ಪಾತ್ರೆ ಪಡಗ ಹೊತ್ತೊಯ್ಯುತ್ತಾನೆ. ಇವೆಲ್ಲ ಯಾರು ಹೇಳಿದ್ದೋ ಗೊತ್ತಿಲ್ಲ, ಕತ್ತಲಲ್ಲಿ ತಾನೇ ತಾನಾಗಿ ಬೆಳೆದದ್ದು. ಯಾರೋ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಬಹುದು ಎಂದದ್ದೇ ಅವನ ಹೆದರಿಕೆ ಇಮ್ಮಡಿಯಾಯಿತು. ಸಾಲಕ್ಕಿಂತ ಕೋರ್ಟೇ ದೊಡ್ಡ ಭೂತವಾಗಿ ಕೂತಿತು.

ಆಗ ಅಜ್ಜಿ ಒಂದು ಮಾತು ಹೇಳಿದಳು. ಅಜ್ಜಿಯ ತವರಿನ ಗದ್ದೆ ಭದ್ರಾ ಹೊಳೆಯ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು. ತರೀಕೆರೆಯಿಂದ ನಮ್ಮೂರಿಗೆ ಬರುತ್ತಿದ್ದ ಟ್ರಾಮ್ ರೈಲನ್ನೂ ಅದೇ ಭದ್ರೆಯ ನೀರು ನಿಲ್ಲಿಸಿತು. ಒಲೆಗೆ ಕುಂಟೆ ದೂಡುತ್ತ ಅವಳು ಅಂದದ್ದು ಇಷ್ಟೇ: "ಹೊಳೆ ಬಂದು ಗದ್ದೆ ತಗಂಡಾಗ ನಮ್ಮನ್ನ ಯಾರೂ ಕಳ್ಳರು ಅನ್ಲಿಲ್ಲ ಮಗ. ಬೆಲೆ ಬಿದ್ದು ಹೋದ್ರೆ ನೀನು ಹೆಂಗೆ ಕಳ್ಳ ಆಗ್ತೀಯ?" ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, ಚಿಕ್ಕಮಗಳೂರಿಗೆ ಹೋಗಿ ಒಬ್ಬ ವಕೀಲರನ್ನು ನೋಡೋಣ ಎಂದ.

ಬಾಳೆಹೊನ್ನೂರು ದಾಟಿ ಆಲ್ದೂರಿನ ತಿರುವುಗಳಲ್ಲಿ ಅವನು ಬಸ್ಸಿನ ಕಿಟಕಿಯಿಂದ ವಾಂತಿ ಮಾಡಿದ. ಅದೇ ರಸ್ತೆಯಲ್ಲಿ ಅಡಿಕೆ ಮೂಟೆಯ ಮೇಲೆ ಮಲಗಿಕೊಂಡು ಓಡಾಡಿದ ಮನುಷ್ಯ ಅವನು. ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಇರಲಿಲ್ಲ.

ವಕೀಲರು ವಯಸ್ಸಾದವರು, ಮಾತು ನಿಧಾನ. ಮೊದಲು ಇಡ್ಲಿ ತರಿಸಿದರು. ಆಮೇಲೆ ಕೇಳಿದರು, "ನಿಮಗೆ ಯಾವುದರ ಹೆದರಿಕೆ, ಒಂದೊಂದಾಗಿ ಹೇಳಿ." ಚಿಕ್ಕಪ್ಪ ಜೈಲು ಎಂದ. ಅವರು 1980ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪಿನ ಬಗ್ಗೆ ಹೇಳಿದರು. ಜಾಲಿ ಜಾರ್ಜ್ ವರ್ಗೀಸ್ ಎಂಬವರ ಮೇಲೆ ಬ್ಯಾಂಕ್ ಆಫ್ ಕೊಚ್ಚಿನ್ ಹೂಡಿದ್ದ ಪ್ರಕರಣ. ದುಡ್ಡಿದ್ದೂ ಕೊಡದೆ ಮೋಸ ಮಾಡುವವನ ಮಾತು ಬೇರೆ, ಇಲ್ಲದವನನ್ನು ಸಾಲ ತೀರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸೆರೆಗೆ ತಳ್ಳುವಂತಿಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಅದು. ಅರ್ಜಿ ಹಾಕಿ ದಿವಾಳಿಯೆಂದು ಘೋಷಣೆಯಾದ ಮೇಲೆ ಬಂಧನದಿಂದ ರಕ್ಷಣೆ ಕೇಳುವ ದಾರಿಯೂ ಇದೆ ಎಂದರು.

ನಮಗೆ ಅನ್ವಯಿಸುವ ಕಾನೂನು 1920ರದ್ದು, ಪ್ರಾಂತೀಯ ದಿವಾಳಿತನ ಕಾಯ್ದೆ. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸು ನಗರಗಳಿಗೆ ಬೇರೆ ಕಾಯ್ದೆ ಮಾಡಿದ್ದರು. ಉಳಿದ ಊರುಗಳಿಗೆ ಇದು. ಸಾಲ ಐನೂರು ರೂಪಾಯಿ ಇದ್ದರೂ ಅರ್ಜಿ ಹಾಕಬಹುದು ಎಂದು ಅದರಲ್ಲಿದೆ. ಆ ಕಾಲದ ಐನೂರು! 2016ರಲ್ಲಿ ಹೊಸ ಸಂಹಿತೆ ಬಂತು ನಿಜ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸೇರಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥ ತೋಟದವರ, ಅಂಗಡಿಯವರ ಪಾಲಿಗೆ ಉಳಿದದ್ದು ಆ ಹಳೆಯ ಕಾಯ್ದೆಯೇ.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಚಿಕ್ಕಮ್ಮನಿಗೆ ಸಮಾಧಾನವಿಲ್ಲ. ಅವಳ ಹೆದರಿಕೆಗಳೇ ಬೇರೆ. ಮಗಳ ಹಳೇ ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ತನ್ನ ಹೆದರಿಕೆಗಳನ್ನು ಬರೆದಳು. ತಾಳಿ. ಹಂಡೆ. ಹಾಸಿಗೆ. ಮನೆ. ದನ. ಬಲಗಡೆ ಖಾಲಿ ಬಿಟ್ಟು, "ವಕೀಲ್ರನ್ನ ಕೇಳಿ ಬರ್ಕಂಡು ಬಾ" ಎಂದು ನನ್ನ ಕೈಗಿತ್ತಳು. ಮುಂದಿನ ಸಲ ಹೋದಾಗ ವಕೀಲರು ಆ ಪುಟ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ಬಿಡಿಸಿ ಬಿಡಿಸಿ ಹೇಳಿ ನನ್ನ ಕೈಯಿಂದ ಬರೆಸಿದರು. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ. ಧರ್ಮದ ಪ್ರಕಾರ ಹೆಂಗಸು ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ಬೇಸಾಯದ ಸಲಕರಣೆ, ಉಳುವ ಎತ್ತು, ಬಿತ್ತನೆ ಬೀಜ ಬಿಡಬೇಕು. ರೈತ ತಾನೇ ವಾಸಿಸುವ ಮನೆಯನ್ನೂ ಇಂಥ ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ದಿವಾಳಿಯಲ್ಲೂ ಇವು ಆಸ್ತಿ ವಹಿಸಿಕೊಳ್ಳಲು ಕೋರ್ಟು ನೇಮಿಸುವ ರಿಸೀವರನ ಕೈಗೆ ಹೋಗುವುದಿಲ್ಲ.

ಆ ರಾತ್ರಿ ಚಿಕ್ಕಮ್ಮ ಬಲಗಡೆಯ ಸಾಲುಗಳನ್ನು ಗಟ್ಟಿಯಾಗಿ ಓದಿಕೊಂಡಳು, ತಾಳಿಯ ಸಾಲನ್ನು ಎರಡು ಸಲ. ಸೌದೆ ಮನೆಯಲ್ಲಿ ಗೋಣಿಯ ಅಡಿ ಬಚ್ಚಿಟ್ಟಿದ್ದ ಹಿತ್ತಾಳೆ ಕೊಳದಪ್ಪಲೆಯನ್ನು ಹೊರಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದಳು.

ವಕೀಲರು ಸಿಹಿಯನ್ನಷ್ಟೇ ಹೇಳಿ ಕಳಿಸಿದವರಲ್ಲ. ಸೊಸೈಟಿಗೆ ಅಡವಿಟ್ಟ ತೋಟದ ಭಾಗಕ್ಕೆ ಈ ಅರ್ಜಿ ಅಡ್ಡ ಬರುವುದಿಲ್ಲ, ಅವರು ತಮ್ಮ ಅಡಮಾನದ ಹಕ್ಕು ಚಲಾಯಿಸಬಹುದು ಎಂದರು. ಕೊಟ್ಟ ಚೆಕ್ಕು ಬೌನ್ಸಾಗಿ ಕೇಸಾದರೆ ಅದು ಕ್ರಿಮಿನಲ್, ಅದನ್ನು ಬೇರೆಯಾಗಿಯೇ ಎದುರಿಸಬೇಕು ಎಂದರು. ಹೀಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದಲೇ ಚಿಕ್ಕಪ್ಪನಿಗೆ ಅವರ ಮೇಲೆ ನಂಬಿಕೆ ಬಂತು ಎಂದು ನನ್ನ ಎಣಿಕೆ. ಹೆದರಿದವನಿಗೆ "ಏನೂ ಆಗಲ್ಲ" ಎನ್ನುವವರು ಊರು ತುಂಬ ಇರುತ್ತಾರೆ. ಇಂತಿಂಥದ್ದು ಆಗುತ್ತದೆ, ಇಂತಿಂಥದ್ದು ಆಗುವುದಿಲ್ಲ ಎನ್ನುವವರು ಬೇಕು.

ಇನ್ನು ಪಟ್ಟಿ. ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಎಷ್ಟು ಬಾಕಿ ಎಂಬುದನ್ನೂ, ತನ್ನ ಆಸ್ತಿ ಏನೇನು, ಎಲ್ಲಿದೆ ಎಂಬುದನ್ನೂ ಬರೆಯಬೇಕು. ಒಂದನ್ನೂ ಮುಚ್ಚಿಡುವಂತಿಲ್ಲ, ಮುಚ್ಚಿಟ್ಟರೆ ಅದೇ ಅಪರಾಧ. ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಚಿಕ್ಕಪ್ಪ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಸೊಸೈಟಿ, ಅಡಿಕೆ ಮಂಡಿ, ಗೊಬ್ಬರದ ಅಂಗಡಿ, ಪ್ರಾಮಿಸರಿ ನೋಟು ಬರೆಸಿಕೊಂಡವರು, ನೋಟಿಲ್ಲದೆ ಬಾಯಿಮಾತಿನಲ್ಲಿ ಕೊಟ್ಟವರು, ನನ್ನ ಅಮ್ಮ. ಒಂದೊಂದು ಹೆಸರಿಗೂ ಗಂಟಲು ಕಟ್ಟುತ್ತಿತ್ತು. ಪಟ್ಟಿ ಮುಗಿಯಿತು ಎಂದ. ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದವಳು, "ಇನ್ನೊಂದಿದೆ" ಅಂದಳು.

ಇತ್ತು. ನಮ್ಮ ತೋಟದಲ್ಲಿ ಹೂವು ಕಟ್ಟಲು ಬರುತ್ತಿದ್ದ ಹೆಂಗಸೊಬ್ಬಳು ಮಗಳ ಮದುವೆಗೆಂದು ಕೂಡಿಟ್ಟಿದ್ದ ಹದಿನೆಂಟು ಸಾವಿರ. ಬೆಲೆ ಬಂದ ಕೂಡಲೇ ಕೊಡುತ್ತೇನೆಂದು ಅವನು ತೆಗೆದುಕೊಂಡಿದ್ದ. ಅಷ್ಟು ಹೊತ್ತು ಲಕ್ಷಗಳ ಲೆಕ್ಕ ಹೇಳಿದವನು ಆ ಹದಿನೆಂಟು ಸಾವಿರಕ್ಕೆ ಮುಖ ಮುಚ್ಚಿಕೊಂಡು ಅತ್ತ. ಎಷ್ಟೋ ಹೊತ್ತು ಅತ್ತ. ನಾನು ಹೆಸರು ಬರೆದೆ. ಆ ರಾತ್ರಿ ಅವನು ಬೆಳಗಿನವರೆಗೆ ನಿದ್ದೆ ಮಾಡಿದನೆಂದು ಚಿಕ್ಕಮ್ಮ ಹೇಳಿದಳು, ತಿಂಗಳುಗಳಲ್ಲಿ ಮೊದಲ ಸಲ. ಅವನ ಎದೆಯ ಮೇಲೆ ಕೂತಿದ್ದದ್ದು ಒಂಬತ್ತು ಲಕ್ಷ ಎಂದು ನಾವೆಲ್ಲ ತಿಳಿದಿದ್ದೆವು.

ವಿಚಾರಣೆಗೆ ಮುಂಚೆ ವಕೀಲರು ಹೇಳಿಕೊಟ್ಟ ಒಂದು ಉಪಾಯವನ್ನು ನಾನು ಅನಂತರ ಬಹಳ ಜನಕ್ಕೆ ಹೇಳಿದ್ದೇನೆ. "ನಿಮ್ಮ ಕೇಸಿಲ್ಲದ ದಿನ ಬಂದು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಿ. ಯಾರೂ ಏನೂ ಕೇಳಲ್ಲ." ಕೂತೆವು. ಗಡಿ ತಂಟೆ, ಪಾಲಿನ ದಾವೆ, ಮುಂದಿನ ತಾರೀಖು. ಫೈಲು ಕಟ್ಟುವ ಕೆಂಪು ದಾರ, ಹೆಸರು ಕೂಗುವ ಸಿಬ್ಬಂದಿ, ಕೆಮ್ಮುವ ಮುದುಕರು. ಕಟಕಟೆಯಲ್ಲಿ ನಿಂತವರೂ ನಮ್ಮಂಥವರೇ, ಅವರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಹಣಿ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪನ ಕಾಲು ನಡುಗುವುದು ನಿಂತಿತ್ತು.

ಅವನ ದಿನ ಬಂದಾಗ ನಡುಕ ಮತ್ತೆ ಬಂತು, ಆದರೆ ತಡೆಯುವಷ್ಟು ಮಾತ್ರ. ಕೈಸಾಲ ಕೊಟ್ಟ ಒಬ್ಬರ ಪರವಾಗಿ ಬಂದಿದ್ದ ವಕೀಲರು ನೇರವಾಗಿ ಕೇಳಿದರು: ವೆನಿಲಾ ಎಂಬುದು ಜೂಜಾಗಿತ್ತು, ಆಸೆಗೆ ಬಿದ್ದು ಮಂದಿಯ ದುಡ್ಡಿನಲ್ಲಿ ಆಡಿದಿರಿ, ಅಲ್ಲವೇ? ಈ ಪ್ರಶ್ನೆಗೆ ಕಾಯ್ದೆಯಲ್ಲಿ ಬೇರಿದೆ. ಮುಂದೆ ಸಾಲದಿಂದ ಪೂರ್ತಿ ಬಿಡುಗಡೆ ಕೇಳುವಾಗ, ದುಡುಕಿನ ಸಟ್ಟಾ ವ್ಯವಹಾರದಿಂದ, ದುಂದಿನಿಂದ, ಜೂಜಿನಿಂದ ದಿವಾಳಿಯಾದವನಿಗೆ, ಸರಿಯಾದ ಲೆಕ್ಕ ಇಡದವನಿಗೆ ಅದು ಸಿಗುವುದಿಲ್ಲ. ಆಸ್ತಿ ಮಾರಿದರೆ ಸಾಲಕ್ಕೆ ರೂಪಾಯಿಗೆ ಎಂಟಾಣೆಯಾದರೂ ಹುಟ್ಟಬೇಕು. ಹುಟ್ಟದಿದ್ದರೆ, ಅದಕ್ಕೆ ಕಾರಣ ತನ್ನ ಕೈಮೀರಿದ್ದು ಎಂದು ನ್ಯಾಯಾಲಯಕ್ಕೆ ಒಪ್ಪಿಸಬೇಕು.

ಚಿಕ್ಕಪ್ಪ ಚೀಲದಿಂದ ಆ ಉದ್ದನೆಯ ಪುಸ್ತಕ ತೆಗೆದ. "ಇದ್ರಲ್ಲಿ ದಿನದಿನದ ಹೂವಿನ ಲೆಕ್ಕ ಉಂಟು ಸ್ವಾಮಿ. ಜೂಜಾಡುವವ ಬೆಳಿಗ್ಗೆ ಆರು ಗಂಟೆಗೆ ಎದ್ದು ಒಂದೊಂದೇ ಹೂವು ಕಟ್ಟೂದಿಲ್ಲ" ಎಂದ. ದನಿ ನಡುಗಿತು, ಮಾತು ಕೆಡಲಿಲ್ಲ. ನ್ಯಾಯಾಧೀಶರು ಪುಸ್ತಕ ತರಿಸಿಕೊಂಡು ಪುಟ ತಿರುಗಿಸಿದರು. ಪೆನ್ಸಿಲಿನ ಅಂಕಿಗಳು, ಅಲ್ಲಲ್ಲಿ ಅಡಿಕೆ ಕರೆಯ ಕಲೆ, ಒಂದು ಪುಟದ ಮೂಲೆಯಲ್ಲಿ ಒಣಗಿ ಅಂಟಿದ ವೆನಿಲಾ ಹೂವಿನ ಎಸಳು. ಅವರು ಏನೂ ಹೇಳಲಿಲ್ಲ, ಪುಸ್ತಕವನ್ನು ದಾಖಲೆಗೆ ಸೇರಿಸಿಕೊಂಡರು.

ದಿವಾಳಿ ಎಂದು ಘೋಷಣೆಯಾಯಿತು. ಗೆಜೆಟ್ಟಿನಲ್ಲಿ ಹೆಸರು ಬಂತು. ಊರಿನಲ್ಲಿ ಗೆಜೆಟ್ ಓದುವವರು ಯಾರಿದ್ದಾರೆ? ರಿಸೀವರ್ ಮನೆಗೆ ಬಂದು, ಕಾಫಿ ಕುಡಿದು, ಆಸ್ತಿ ಪಟ್ಟಿ ಮಾಡಿಕೊಂಡು ಹೋದರು. ಅಡವಿಟ್ಟ ತೋಟ ಒಂದು ಕಡೆ ಹೋಯಿತು, ಮೇಲಿನ ತಾಕು ಮಾರಾಟವಾಗಿ ಬಂದದ್ದನ್ನು ಸಾಲ ಕೊಟ್ಟವರಿಗೆ ಪಾಲು ಹಾಕಿದರು. ಚಿಕ್ಕಪ್ಪ ತಾನು ನೆಟ್ಟ ಮರಗಳ ನಡುವೆ ಹೊಸ ಬೇಲಿ ಬಂದದ್ದನ್ನು ನೋಡಲಿಲ್ಲ, ಅಂದು ಹಿನ್ನೀರಿನ ಕಡೆ ದನ ಹೊಡೆದುಕೊಂಡು ಹೋಗಿದ್ದ. ಅದು ನೋವಿನ ದಿನ. ಬಿಡುಗಡೆ ಸಿಗುವವರೆಗೆ ಪಂಚಾಯ್ತಿ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಅದೇನೂ ಅವನಿಗೆ ಬೇಕಿರಲಿಲ್ಲ.

ಕಷ್ಟವಾದದ್ದು ಇನ್ನೊಂದು ಕಲಮು. ಬಿಡುಗಡೆಯಾಗದ ದಿವಾಳಿದಾರ ಐವತ್ತು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಸಾಲ ಪಡೆಯುವ ಮುಂಚೆ ತಾನು ದಿವಾಳಿ ಎಂದು ಹೇಳಲೇಬೇಕು. ಹೇಳದಿದ್ದರೆ ಶಿಕ್ಷೆ. ತಿಂಗಳ ದಿನಸಿಯನ್ನು ಪುಸ್ತಕದಲ್ಲಿ ಬರೆಸಿ ತರುವ ಮನೆ ನಮ್ಮದು. ಚಿಕ್ಕಪ್ಪ ಅಂಗಡಿಗೆ ಹೋದ, ಜನವಿದ್ದರು, ಅವರು ಕರಗಲಿ ಎಂದು ಕಾದ, ಕರಗಲಿಲ್ಲ. ಕೊನೆಗೆ ಎಲ್ಲರೆದುರೇ ಹೇಳಿದ: "ಕೋರ್ಟು ನನ್ನನ್ನ ದಿವಾಳಿ ಅಂತ ಮಾಡಿದೆ. ಹೇಳದೆ ಸಾಲ ತಗಳಂಗಿಲ್ಲ. ಕೊಡೂದಾದ್ರೆ ಕೊಡಿ." ಅಂಗಡಿಯವರು ತಕ್ಕಡಿಯಿಂದ ತಲೆ ಎತ್ತದೆ, "ಅಕ್ಕಿ ಯಾವ್ದು, ಹಳೇದೋ ಹೊಸದೋ?" ಎಂದು ಕೇಳಿದರು. ಪಕ್ಕದಲ್ಲಿದ್ದ ರಬ್ಬರ್ ತೋಟದ ಹಿರಿಯರೊಬ್ಬರು, ತಿರುವಾಂಕೂರಿನಿಂದ ಬಂದು ಇಲ್ಲಿ ನೆಲೆಯಾದವರು, ಇವನ ಜೊತೆಗೇ ಹೊರಗೆ ಬಂದು, ತಮ್ಮ ಶುಂಠಿಯ ಸಾಲದ ಕಥೆಯನ್ನು ಬೇಲಿಯ ಹತ್ತಿರ ನಿಂತು ಹೇಳಿಕೊಂಡರಂತೆ. ಬೈಕಿನ ಸದ್ದಿಗೆ ಚಿಕ್ಕಪ್ಪ ತೋಟಕ್ಕೆ ಇಳಿಯುವುದು ನಿಂತದ್ದು ಆ ವಾರದಿಂದ.

2010ರಲ್ಲಿ ಬಿಡುಗಡೆ ಆದೇಶ ಬಂತು. ರೂಪಾಯಿಗೆ ಎಂಟಾಣೆ ಹುಟ್ಟಿರಲಿಲ್ಲ. ಬೆಲೆ ಬಿದ್ದದ್ದು ಅವನ ತಪ್ಪಲ್ಲ, ಲೆಕ್ಕ ಸರಿಯಾಗಿ ಇಟ್ಟಿದ್ದಾನೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಹದಿನೆಂಟು ಸಾವಿರದ ಹೆಂಗಸಿಗೂ ಪಾಲಿನಲ್ಲಿ ಬಂದದ್ದು ಕಾಲುಭಾಗದಷ್ಟು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಚಿಕ್ಕಪ್ಪ ಉಳಿದದ್ದನ್ನು ಸಿಪ್ಪೆಗೋಟು ಅಡಿಕೆ ಮಾರಿದಾಗಲೆಲ್ಲ ಒಂದಷ್ಟು ಕೊಟ್ಟು ತೀರಿಸಿದ. ಅವಳ ಮಗಳ ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದೆವು.

ಈ ಕಥೆಯನ್ನು ಅವನು ಬಹಳ ವರ್ಷ ಹೊರಗೆ ಆಡಲಿಲ್ಲ. 2019ರ ಜುಲೈ ಕೊನೆಯಲ್ಲಿ, ಸಾಲದ ಹೊರೆ ಹೊತ್ತಿದ್ದ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರ ಸಾವಿನ ಸುದ್ದಿ ಬಂದಾಗ ನಮ್ಮ ಜಿಲ್ಲೆಯಲ್ಲಿ ಕಾಫಿ ಕುಡಿಯುವ ಪ್ರತಿ ಮನೆಯಲ್ಲೂ ಅದೇ ಮಾತು. ಅಷ್ಟು ದೊಡ್ಡ ಮನುಷ್ಯ, ಅಷ್ಟು ಜನಕ್ಕೆ ಕೆಲಸ ಕೊಟ್ಟವರು. ಚಿಕ್ಕಪ್ಪ ಅಂದು ಟೀವಿ ಆರಿಸಿ ಒಲೆಯ ಮುಂದೆ ಬಂದು ಕೂತ. ಕೊಟ್ಟಿಗೆಯಲ್ಲಿ ಕೂರುತ್ತಿದ್ದ ರಾತ್ರಿಗಳಲ್ಲಿ ತನಗೆ ಏನೇನು ಯೋಚನೆ ಬಂದಿತ್ತು ಎಂಬುದನ್ನು ಆ ದಿನ ಮೊದಲ ಸಲ ನಮಗೆ ಹೇಳಿದ. ಚಿಕ್ಕಮ್ಮ ಅವನ ಕೈ ಹಿಡಿದುಕೊಂಡೇ ಕೇಳಿದಳು. ಅಂಥ ಯೋಚನೆ ಬರುವವರು ಈಗ 14416ಕ್ಕೆ ಫೋನು ಮಾಡಬಹುದು, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಆಗ ಅದೂ ಇರಲಿಲ್ಲ. ಇದ್ದದ್ದು ಅಜ್ಜಿ.

ಆಮೇಲೆ ಅವನು ಸುಮ್ಮನಿರಲಿಲ್ಲ. ಎಲೆಚುಕ್ಕಿ ರೋಗ ಬಂದು ಅಡಿಕೆ ಸೊರಗಿದ ಮೇಲೆ ನಮ್ಮ ಸುತ್ತಿನಲ್ಲಿ ಸಾಲ ಹೊತ್ತವರು ಮತ್ತೆ ಹೆಚ್ಚಿದ್ದಾರೆ. ಯಾರಾದರೂ ಬೈಕಿನ ಸದ್ದಿಗೆ ಮನೆಯೊಳಗೆ ಸರಿಯುತ್ತಾರೆ ಎಂದು ಗೊತ್ತಾದರೆ ಚಿಕ್ಕಪ್ಪ ನಡೆದುಕೊಂಡೇ ಹೋಗಿ ಕರೆದುಕೊಂಡು ಬರುತ್ತಾನೆ. ಎಲ್ಲರಿಗೂ ದಿವಾಳಿ ಅರ್ಜಿ ಹಾಕಿ ಎನ್ನುವುದಿಲ್ಲ. ಕೆಲವರಿಗೆ ಸಾಲ ಕೊಟ್ಟವರನ್ನು ಕೂರಿಸಿ ಮಾತಾಡಿದರೇ ಸಾಕು, ಕೆಲವರಿಗೆ ಕಾನೂನು ಸೇವಾ ಸಮಿತಿಯ ಉಚಿತ ವಕೀಲರು ಸಾಕು. ಆದರೆ ಪಟ್ಟಿಯನ್ನು ಮಾತ್ರ ಎಲ್ಲರ ಕೈಯಲ್ಲೂ ಬರೆಸುತ್ತಾನೆ, ಕೊನೆಯ ಹೆಸರು ಬರುವವರೆಗೆ ಬಿಡುವುದಿಲ್ಲ.

ಹೋದ ಮಳೆಗಾಲ ಶುಂಠಿಯಲ್ಲಿ ಕಳೆದುಕೊಂಡ ಒಬ್ಬ ಹುಡುಗ ಬಂದಿದ್ದ. ರಾತ್ರಿ ಹನ್ನೊಂದರ ತನಕ ಬರೆದರು. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಚಿಕ್ಕಮಗಳೂರಿಗೆ ಹೊರಟಾಗ ಹುಡುಗ ಏನೂ ಬೇಡ, ಹೊಟ್ಟೆಗೆ ಹೋಗುವುದಿಲ್ಲ ಎಂದ. ಚಿಕ್ಕಪ್ಪ ಚೀಲ ಕೆಳಗಿಟ್ಟು, ಅವನನ್ನು ಒಳಗೆ ಎಳೆದುಕೊಂಡು ಬಂದು, "ಆಲ್ದೂರು ತಿರುವು ನಂಗೆ ಗೊತ್ತುಂಟು. ಎರಡು ಕಡುಬು ತಿಂದೇ ಹೊರಡೂದು" ಎಂದು ಮಣೆ ಹಾಕಿದ.